ತಾನೇ ತೆರೆಯುವ ಗೇಟು: ವಿಶ್ವೇಶ್ವರಯ್ಯನವರ ಬದುಕು, ನಮ್ಮದೊಂದು ಸ್ಕ್ರಿಪ್ಟು

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಏನೇನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಸೆಮಿನಾರ್ ಹಾಲಿನಲ್ಲಿ ಪೇಟ ತೊಟ್ಟ ಫೋಟೋಗೆ ಹಾರ, ಎರಡು ಭಾಷಣ, ಒಂದು ಕ್ವಿಜ್, ಕೊನೆಗೆ ಸಮೋಸ. ಭಾಷಣದಲ್ಲಿ ರೈಲಿನ ಕಥೆ ಒಂದು, ಎರಡು ದೀಪದ ಕಥೆ ಒಂದು. ಅವನ್ನು ನಾವು ಪ್ರೈಮರಿ ಸ್ಕೂಲಿನಿಂದ ಕೇಳಿಕೊಂಡೇ ಬಂದಿದ್ದೇವೆ. ಈ ಸಲ ಕನ್ನಡ ಸಂಘದ ಪತ್ರಿಕೆಗೆ ಸರ್ ಎಂವಿ ಬಗ್ಗೆ ಬರೆಯುವ ಸರದಿ ನಮ್ಮದಾಯಿತು. ಆ ಕಥೆಗಳನ್ನು ಪಕ್ಕಕ್ಕಿಟ್ಟು, ಅವರು ಮಾಡಿದ ಒಂದೇ ಒಂದು ಕೆಲಸವನ್ನು ಹಿಡಿದುಕೊಂಡು ಅವರ ಬದುಕನ್ನು ನೋಡೋಣ ಅಂದುಕೊಂಡೆವು. ಆ ಕೆಲಸ ಒಂದು ಗೇಟು. ಯಾರೂ ಮುಟ್ಟದೆ ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಗೇಟು.

ಗೇಟೇ ಯಾಕೆ? ಅದಕ್ಕೆ ನಮ್ಮದೇ ಒಂದು ಎಡವಟ್ಟು ಕಾರಣ. ಮೊದಲು ಅದನ್ನು ಒಪ್ಪಿಕೊಂಡುಬಿಡುತ್ತೇವೆ.

ಕಳೆದ ಸೆಮಿಸ್ಟರಿನಲ್ಲಿ ಪತ್ರಿಕೆಯ ಹಳೇ ಸಂಚಿಕೆಗಳನ್ನು ಒಂದು ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ ಸಾಗಿಸಬೇಕಿತ್ತು. ಎಲ್ಲವನ್ನೂ ಒಂದೇ ಫೋಲ್ಡರಿಗೆ ಕಾಪಿ ಮಾಡಲು ಹೊರಟೆವು. ಕಮಾಂಡು ನಡುನಡುವೆ ನಿಂತು ಪ್ರಶ್ನೆ ಕೇಳತೊಡಗಿತು: ಈ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೆ ಬರೆಯಲೇ ಅಂತ. ನಾಲ್ಕೈದು ಸಲ ವೈ ಒತ್ತಿ ಎಂಟರ್ ಹೊಡೆದೆವು. ಆಮೇಲೆ ಬೇಜಾರಾಯಿತು. ಲಿನಕ್ಸಿನಲ್ಲಿ ಯೆಸ್ ಅಂತಲೇ ಒಂದು ಕಮಾಂಡಿದೆಯಲ್ಲ, ಸುಮ್ಮನೆ ವೈ ವೈ ವೈ ಅಂತ ಕೊನೆಯಿಲ್ಲದೆ ಉಗುಳುತ್ತಾ ಇರುತ್ತೆ. ಅದನ್ನು ಪೈಪು ಹಾಕಿ ಇದಕ್ಕೆ ಜೋಡಿಸಿ, ಚಹಾ ಕುಡಿಯಲು ಕ್ಯಾಂಟೀನಿಗೆ ಹೋದೆವು. ವಾಪಸ್ ಬಂದಾಗ ಕೆಲಸ ಮುಗಿದಿತ್ತು. ಹಳೇ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಬಿಟ್ಟೆವು. ಎರಡು ದಿನ ಬಿಟ್ಟು ನೋಡಿದರೆ, ಸಂಪಾದಕೀಯ ಅನ್ನುವ ಫೈಲು ಒಂದೇ ಒಂದು ಉಳಿದಿದೆ. ಪ್ರತಿ ವರ್ಷವೂ ಹಿಂದಿನವರು ಅದೇ ಹೆಸರಿಟ್ಟಿದ್ದರು. ಕವನ-1, ಕವನ-2, ಮುಖಪುಟ, ಎಲ್ಲದರ ಗತಿಯೂ ಅದೇ. ಸೀನಿಯರುಗಳ ಮೇಲ್ ಹುಡುಕಿ ಕೆಲವನ್ನು ವಾಪಸ್ ತಂದೆವು, ಉಳಿದವು ಹೋದವು. ಪ್ರಶ್ನೆ ಕೇಳಿದ್ದು ಯಂತ್ರ. ಓದದೆ ಉತ್ತರ ಕೊಟ್ಟಿದ್ದು ನಾವು.

ಆ ಬೇಸರದಲ್ಲಿ ಸರ್ ಎಂವಿ ಅವರ ಗೇಟಿನ ಬಗ್ಗೆ ಓದಿದಾಗ, 1903ರಲ್ಲಿ ಅವರು ಬಿಡಿಸಿದ್ದು ನಾವು ಎಡವಿದ ಸಮಸ್ಯೆಯ ಜಾತಿಯದ್ದೇ ಅಂತ ಹೊಳೆಯಿತು. ಮನುಷ್ಯ ಪಕ್ಕದಲ್ಲಿ ಕೂತು, ನೋಡಿ, ಪ್ರತಿ ಸಲ ಕೈಯಾರೆ ಕೊಡುತ್ತಿದ್ದ ಉತ್ತರವನ್ನು ಯಂತ್ರಕ್ಕೆ ವಹಿಸುವುದು ಹೇಗೆ? ವಹಿಸಿದ ಮೇಲೂ ಅನಾಹುತ ಆಗದ ಹಾಗೆ ನೋಡಿಕೊಳ್ಳುವುದು ಹೇಗೆ?

ಮುದ್ದೇನಹಳ್ಳಿಯಿಂದ ಪುಣೆಗೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು 1861ರಲ್ಲಿ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಕಡೆಯ ಊರು, ಅವರ ಹಿರೀಕರು ಅಲ್ಲಿಂದ ಬಂದವರು. ತಂದೆ ಬೇಗ ತೀರಿಕೊಂಡರು. ಮನೆಯಲ್ಲಿ ದುಡ್ಡಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ತಮ್ಮ ಖರ್ಚು ನೋಡಿಕೊಂಡರು. 1881ರಲ್ಲಿ ಬಿಎ ಮುಗಿಯಿತು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಹೋದರು. ಟ್ಯೂಷನ್ ಹೇಳಿ, ಸ್ಕಾಲರ್‌ಶಿಪ್ಪಿಗೆ ಕಾದು ಇಂಜಿನಿಯರಿಂಗ್ ಸೇರಿದ ಹುಡುಗ ಅಂದರೆ ನಮ್ಮ ಹಾಸ್ಟೆಲ್ಲಿನಲ್ಲೇ ಎಷ್ಟು ಜನ ಸಿಗುತ್ತಾರೆ ನೋಡಿ.

1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಬಂದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ. ಶುರುವಿನಲ್ಲಿ ಖಾಂದೇಶದ ಕಡೆ ಪೋಸ್ಟಿಂಗ್. ಅಲ್ಲಿ ಒಂದು ಹೊಳೆ ದಾಟಿಸಿ ಪೈಪಿನ ಸೈಫನ್ ಹಾಕುವ ಕೆಲಸ ಬಂತು. ಮಳೆಗಾಲ, ಹೊಳೆಯಲ್ಲಿ ನೀರು ಏರಿಳಿಯುತ್ತಿದೆ, ಕೆಲಸ ಮುಂದಕ್ಕೆ ಹಾಕೋಣ ಅಂತ ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಕೊನೆಗೆ ಮಳೆಯಲ್ಲೇ ನಿಂತು ಮುಗಿಸಿಕೊಟ್ಟರು. ನೀರು ಯಾರ ಟೈಮ್‌ಟೇಬಲ್ಲನ್ನೂ ಕೇಳುವುದಿಲ್ಲ ಅನ್ನುವುದು ಅವರಿಗೆ ಮೊದಲ ಪೋಸ್ಟಿಂಗಿನಲ್ಲೇ ತಿಳಿದಿರಬೇಕು.

ಆಮೇಲೆ ಸಿಂಧ್‌ನ ಸಕ್ಕರ್. ಈಗ ಅದು ಪಾಕಿಸ್ತಾನದಲ್ಲಿದೆ. ಊರಿಗೆ ಸಿಂಧೂ ನದಿಯ ನೀರು, ಆದರೆ ನದಿಯಲ್ಲಿ ಬರೀ ಕೆಸರು. ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಮುನಿಸಿಪಾಲಿಟಿ ಹತ್ತಿರ ದುಡ್ಡಿಲ್ಲ. ಇವರು ನದಿಯ ಪಾತ್ರದಲ್ಲೇ ಬಾವಿ ತೆಗೆಸಿ, ಮರಳಿನ ಒಳಗಿನಿಂದ ಜಿನುಗಿ ಬರುವ ನೀರನ್ನು ಹಿಡಿದು ಮೇಲೆತ್ತಿಸಿದರು. ಸೋಸುವ ಕೆಲಸವನ್ನು ನದಿಯ ಮರಳೇ ಮಾಡಿತು. ಮುಂದೆ ಗೇಟಿನಲ್ಲೂ ಇದೇ ಬುದ್ಧಿ ಕಾಣುತ್ತೆ: ಅಲ್ಲಿ ಆಗಲೇ ಇರುವ ಶಕ್ತಿಯಿಂದಲೇ ಕೆಲಸ ತೆಗೆಯುವುದು.

ಖಡಕ್‌ವಾಸ್ಲಾದ ಗೇಟು

ಪುಣೆ ಹತ್ತಿರ ಮುಠಾ ನದಿಗೆ ಖಡಕ್‌ವಾಸ್ಲಾ ಅಣೆಕಟ್ಟು ಇದೆ. ಆಗ ಅದರ ಜಲಾಶಯಕ್ಕೆ ಲೇಕ್ ಫೈಫ್ ಅಂತ ಹೆಸರು. ಪುಣೆಗೂ ದಂಡಿಗೂ ಕುಡಿಯುವ ನೀರು, ಕೆಳಗಿನ ಹೊಲಗಳಿಗೆ ನೀರಾವರಿ, ಎಲ್ಲಾ ಅದರಿಂದಲೇ. ಸಮಸ್ಯೆ ಏನಪ್ಪಾ ಅಂದ್ರೆ, ಮಳೆಗಾಲದಲ್ಲಿ ಪ್ರವಾಹ ಬಂದಾಗ ಕೋಡಿಯ ಮೇಲೆ ಹಲವು ಅಡಿ ಎತ್ತರಕ್ಕೆ ನೀರು ಹರಿದುಹೋಗುತ್ತಿತ್ತು. ಬೇಸಿಗೆಯಲ್ಲಿ ನೀರಿಗೆ ಕೊರತೆ. ಅಣೆಕಟ್ಟು ಆ ಪ್ರವಾಹದ ಎತ್ತರವನ್ನು ತಡೆದುಕೊಳ್ಳುತ್ತಿತ್ತು, ಪ್ರತಿ ವರ್ಷ ತಡೆದುಕೊಂಡೇ ಬಂದಿತ್ತು. ಅಂದರೆ ಕೋಡಿಯ ಮಟ್ಟಕ್ಕೂ ಪ್ರವಾಹದ ಗರಿಷ್ಠ ಮಟ್ಟಕ್ಕೂ ನಡುವೆ ಇರುವ ಜಾಗ ಸುಮ್ಮನೆ ಖಾಲಿ ಹೋಗುತ್ತಿತ್ತು.

ಕೋಡಿಯನ್ನೇ ಎತ್ತರಿಸಿ ಕಲ್ಲು ಕಟ್ಟಿದರೆ? ಆಗ ಪ್ರವಾಹದ ನೀರು ಇನ್ನೂ ಮೇಲಕ್ಕೇರುತ್ತೆ, ಅಣೆಕಟ್ಟಿಗೇ ಅಪಾಯ. ಕೋಡಿಯ ಮೇಲೆ ಗೇಟು ಇಟ್ಟರೆ? ಇಡಬಹುದು, ಆದರೆ ಹಗಲೂ ರಾತ್ರಿ ಯಾರಾದರೂ ಕಾಯಬೇಕು. ನೀರು ಎಷ್ಟಾಯಿತು ಅಂತ ನೋಡಬೇಕು, ಮಟ್ಟ ಮುಟ್ಟಿದ ಕೂಡಲೇ ಸಾಲುಸಾಲು ಗೇಟುಗಳನ್ನು ಎತ್ತಬೇಕು, ಇಳಿದ ಮೇಲೆ ಮುಚ್ಚಬೇಕು. ಮಧ್ಯರಾತ್ರಿ, ಜಡಿಮಳೆ, ಕಾವಲುಗಾರನಿಗೆ ಜೋಂಪು ಹತ್ತಿತು ಅಂತಿಟ್ಟುಕೊಳ್ಳಿ. ಪುಣೆಯ ಗತಿ?

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಪೂರಾ ಇಂಟರಾಕ್ಟಿವ್ ಕೆಲಸ. ನದಿ ಪ್ರಶ್ನೆ ಕೇಳುತ್ತೆ, ಮನುಷ್ಯ ಉತ್ತರ ಒತ್ತಬೇಕು. ಉತ್ತರ ಏನೋ ಮೊದಲೇ ಗೊತ್ತು. ಆದರೆ ಪ್ರಶ್ನೆ ಯಾವಾಗ ಬರುತ್ತೆ ಅನ್ನುವುದು ಗೊತ್ತಿಲ್ಲ.

ವಿಶ್ವೇಶ್ವರಯ್ಯ 1903ರಲ್ಲಿ ಅಲ್ಲಿ ಕೂರಿಸಿದ ಗೇಟುಗಳಿಗೆ ಮೋಟರಿಲ್ಲ, ಕರೆಂಟಿಲ್ಲ. ಗೇಟಿನ ಭಾರಕ್ಕೆ ಎದುರು ಭಾರ ಒಂದಿರುತ್ತೆ. ಎರಡರ ನಡುವಿನ ಸಮತೋಲವನ್ನು ನೀರಿನ ಮಟ್ಟವೇ ಬದಲಿಸುತ್ತೆ. ಹಳೇ ಕೋಡಿಯ ಮಟ್ಟಕ್ಕಿಂತ 8 ಅಡಿ ಮೇಲಿನವರೆಗೂ ಗೇಟು ನೀರನ್ನು ಹಿಡಿದಿಡುತ್ತೆ. ಹಿಂದೆ ಕಂಡ ಪ್ರವಾಹದ ಗರಿಷ್ಠ ಮಟ್ಟವನ್ನು ನೀರು ದಾಟಿತೋ, ಗೇಟು ತಾನೇ ತೆರೆದುಕೊಂಡು ಹೆಚ್ಚಿನ ನೀರನ್ನು ಬಿಡುತ್ತೆ. ಪ್ರವಾಹ ಇಳಿದು ಮಟ್ಟ ಮತ್ತೆ ಆ 8 ಅಡಿಗೆ ಬಂದಾಗ ತಾನೇ ಮುಚ್ಚಿಕೊಳ್ಳುತ್ತೆ. ಅಣೆಕಟ್ಟಿನ ಎತ್ತರಕ್ಕೆ ಒಂದು ಕಲ್ಲನ್ನೂ ಸೇರಿಸದೆ ಜಲಾಶಯದ ಸಂಗ್ರಹ ಸುಮಾರು ಕಾಲು ಭಾಗ ಹೆಚ್ಚಿತು.

ಇಸಿ ಬ್ರಾಂಚಿನವರು ಇಲ್ಲಿ ಒಂದು ನಿಮಿಷ ನಿಲ್ಲಿ. ತೆರೆಯುವ ಮಟ್ಟ ಒಂದು, ಮುಚ್ಚುವ ಮಟ್ಟ ಇನ್ನೊಂದು. ಎರಡೂ ಒಂದೇ ಆಗಿದ್ದಿದ್ದರೆ ಅಲೆ ಬಡಿದಾಗಲೆಲ್ಲಾ ಗೇಟು ತೆರೆ-ಮುಚ್ಚು ತೆರೆ-ಮುಚ್ಚು ಅಂತ ಒದ್ದಾಡುತ್ತಿತ್ತು. ಶ್ಮಿಟ್ ಟ್ರಿಗರ್ ಪಾಠದಲ್ಲಿ ಹಿಸ್ಟರಿಸಿಸ್ ಅಂತ ಓದುತ್ತೀವಲ್ಲ, ಅದೇ ಇದು. ಟ್ರಾನ್ಸಿಸ್ಟರ್ ಹುಟ್ಟುವ ಎಷ್ಟೋ ವರ್ಷ ಮೊದಲು, ಕಬ್ಬಿಣ ಮತ್ತು ನೀರಿನಲ್ಲಿ.

ಈ ಗೇಟಿಗೆ ಪೇಟೆಂಟ್ ಆಯಿತು. ರಾಯಲ್ಟಿ ತೆಗೆದುಕೊಳ್ಳುವ ಮಾತು ಬಂದಾಗ ಅವರು ಬೇಡ ಅಂದರು. ಸರ್ಕಾರಿ ಸಂಬಳ ಪಡೆಯುತ್ತಾ, ಸರ್ಕಾರಿ ಕೆಲಸಕ್ಕಾಗಿ ಮಾಡಿದ್ದು, ಅದರಿಂದ ಬೇರೆ ದುಡ್ಡು ಯಾಕೆ ಅನ್ನುವುದು ಅವರ ಲೆಕ್ಕ.

ಯೆಸ್‌ಗೂ ಎಕ್ಸ್‌ಪೆಕ್ಟ್‌ಗೂ ಇರುವ ವ್ಯತ್ಯಾಸ

ಈಗ ನಮ್ಮ ಎಡವಟ್ಟಿನ ಪಕ್ಕ ಈ ಗೇಟನ್ನು ಇಟ್ಟು ನೋಡಿ. ನಾವು ಬಳಸಿದ ಯೆಸ್ ಕಮಾಂಡು ಪ್ರಶ್ನೆಯನ್ನು ನೋಡುವುದೇ ಇಲ್ಲ. ಅದು ಸದಾ ತೆರೆದಿರುವ ಗೇಟು. ಪ್ರಶ್ನೆ ಒಂದೇ ಥರದ್ದಾಗಿದ್ದರೆ ಪರವಾಗಿಲ್ಲ, ಬೇರೆ ಪ್ರಶ್ನೆ ಬಂದ ದಿನ ಮುಗಿಯಿತು ಕಥೆ. ಇನ್ನೊಂದು ತೊಂದರೆಯೂ ಇದೆ. ಪಾಸ್‌ವರ್ಡ್ ಕೇಳುವ ಕಮಾಂಡುಗಳು ಸಾಮಾನ್ಯವಾಗಿ ಪೈಪಿನಲ್ಲಿ ಬಂದ ಉತ್ತರವನ್ನು ಮುಟ್ಟುವುದೇ ಇಲ್ಲ, ನೇರವಾಗಿ ಟರ್ಮಿನಲ್ಲಿನಿಂದಲೇ ಓದುತ್ತವೆ. ಅವಕ್ಕೆ ಎದುರಿಗೆ ಮನುಷ್ಯ ಕೂತಿರಬೇಕು.

ಇದಕ್ಕೇ ಅಂತ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಡಾನ್ ಲೈಬ್ಸ್ ಎಕ್ಸ್‌ಪೆಕ್ಟ್ ಅನ್ನುವ ಟೂಲ್ ಬರೆದರು. 1990ರ ಹೊತ್ತಿಗೆ ಅದು ಯೂನಿಕ್ಸ್ ಜಗತ್ತಿಗೆ ಪರಿಚಯವಾಯಿತು. ಪೈಥಾನ್ ಗೊತ್ತಿರುವವರಿಗೆ ಪಿಎಕ್ಸ್‌ಪೆಕ್ಟ್ ಇದೆ, ಅದರ ಬುದ್ಧಿಯೂ ಇದೇ. ಎಕ್ಸ್‌ಪೆಕ್ಟ್ ಮೊದಲು ಒಂದು ಹುಸಿ ಟರ್ಮಿನಲ್ ಸೃಷ್ಟಿಸಿ ಅದರೊಳಗೆ ಕಮಾಂಡನ್ನು ಓಡಿಸುತ್ತೆ, ಅದು ಸ್ಪಾನ್. ಕಮಾಂಡಿಗೆ ಎದುರಲ್ಲಿ ಮನುಷ್ಯ ಇದ್ದಾನೆ ಅಂತಲೇ ಅನ್ನಿಸುತ್ತೆ. ಆಮೇಲೆ ಇಂಥ ಪ್ರಶ್ನೆ ಬರುವವರೆಗೂ ಕಾಯುತ್ತೆ, ಅದು ಎಕ್ಸ್‌ಪೆಕ್ಟ್. ಬಂದ ಮೇಲೆ ಇಂಥ ಉತ್ತರ ಕಳಿಸುತ್ತೆ, ಅದು ಸೆಂಡ್. ನೀರು ಇಷ್ಟಾಗುವವರೆಗೂ ಕಾಯಿ, ಆದ ಮೇಲೆ ತೆರೆ. ಖಡಕ್‌ವಾಸ್ಲಾದ ಗೇಟಿನ ಸ್ಕ್ರಿಪ್ಟು ಬರೆದರೆ ಹೆಚ್ಚುಕಮ್ಮಿ ಹೀಗೇ ಇರುತ್ತೆ.

ಆದರೆ ಒಂದು ಎಚ್ಚರ. ಎಕ್ಸ್‌ಪೆಕ್ಟ್‌ನಲ್ಲಿ ಟೈಮ್‌ಔಟ್ ಅಂತ ಇದೆ. ನೀವು ಬದಲಿಸದಿದ್ದರೆ ಅದು 10 ಸೆಕೆಂಡು. ಅಷ್ಟರಲ್ಲಿ ನಿರೀಕ್ಷಿಸಿದ ಪ್ರಶ್ನೆ ಬರದಿದ್ದರೆ ಏನು ಮಾಡಬೇಕು ಅಂತ ನೀವು ಬರೆದಿಲ್ಲ ಅನ್ನಿ. ಸ್ಕ್ರಿಪ್ಟು ನಿಲ್ಲುವುದಿಲ್ಲ! ಏನೂ ಆಗಿಲ್ಲ ಅನ್ನುವ ಹಾಗೆ ಮುಂದಿನ ಸಾಲಿಗೆ ಹೋಗಿ ಉತ್ತರ ಕಳಿಸಿಯೇ ಬಿಡುತ್ತೆ. ಅಂದರೆ ಎಕ್ಸ್‌ಪೆಕ್ಟ್ ಬಳಸಿಯೂ ಯೆಸ್ ಮಾಡಿದ ಅನಾಹುತವನ್ನೇ ಮಾಡಬಹುದು. ಪ್ರಶ್ನೆ ಬರದಿದ್ದರೆ ಏನು, ಬೇರೆ ಪ್ರಶ್ನೆ ಬಂದರೆ ಏನು, ಕಮಾಂಡು ನಡುವೆಯೇ ಸತ್ತರೆ ಏನು ಅಂತ ಮೂರನ್ನೂ ಬರೆಯಬೇಕು. ಯಾವುದೂ ಹೊಂದದಿದ್ದರೆ ಇಂಟರಾಕ್ಟ್ ಅಂತ ಒಂದು ಪದ ಇದೆ. ಅಲ್ಲಿಗೆ ಸ್ಕ್ರಿಪ್ಟು ಪಕ್ಕಕ್ಕೆ ಸರಿದು ಕೀಬೋರ್ಡನ್ನು ವಾಪಸ್ ಮನುಷ್ಯನ ಕೈಗೆ ಕೊಡುತ್ತೆ. ಇನ್ನೊಂದು ಮಾತು, ಸ್ಕ್ರಿಪ್ಟಿನೊಳಗೆ ಪಾಸ್‌ವರ್ಡ್ ಬರೆದಿಡಬೇಡಿ. ಬೇರೆ ಕಂಪ್ಯೂಟರಿಗೆ ಲಾಗಿನ್ ಆಗಲು ಎಸ್‌ಎಸ್‌ಎಚ್ ಕೀ ಇದೆ, ಅದನ್ನು ಬಳಸಿ.

ಸರದಿಯ ನೀರು

ಗೇಟಿಗಿಂತ ಕಷ್ಟವಾದ ಕೆಲಸವೊಂದನ್ನು ಅವರು ಅದೇ ಪುಣೆ ಸೀಮೆಯಲ್ಲಿ, 1899ರ ಸುಮಾರಿಗೆ ಮಾಡಿದ್ದರು. ನೀರಾ ಕಾಲುವೆಯ ಕೆಳಗೆ ನೀರು ಹತ್ತಿರದವರಿಗೆ ಧಾರಾಳ, ದೂರದವರಿಗೆ ಇಲ್ಲ. ಹತ್ತಿರದವರು ಒಂದೇ ಸಮ ಕಬ್ಬು ಹಾಕಿ ನೀರು ನಿಲ್ಲಿಸುತ್ತಿದ್ದರು. ನೆಲ ಜೌಗು ಹಿಡಿಯುತ್ತಿತ್ತು. ಇವರು ತಂದಿದ್ದು ಬ್ಲಾಕ್ ಪದ್ಧತಿ. ಜಮೀನನ್ನು ಬ್ಲಾಕುಗಳಾಗಿ ಮಾಡಿ, ಪ್ರತಿ ಬ್ಲಾಕಿನಲ್ಲಿ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರು ಕೇಳುವ ಬೆಳೆ, ವರ್ಷ ವರ್ಷ ಸರದಿ ಬದಲಾವಣೆ. ನೀರಿಗೆ ಗೊತ್ತಾದ ಸಮಯ. ಅಷ್ಟೇ ನೀರಿನಲ್ಲಿ ಹೆಚ್ಚು ಹಳ್ಳಿಗಳಿಗೆ ಪಾಲು.

ರೈತರು ಶುರುವಿನಲ್ಲಿ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಅವರವರ ಹೊಲಕ್ಕೆ ಅವರವರೇ ಯಜಮಾನರು, ಇಷ್ಟು ದಿನ ಬೇಕಾದಾಗ ತೂಬು ತೆಗೆದವರು, ಈಗ ಸರ್ಕಾರದ ವೇಳಾಪಟ್ಟಿಗೆ ಕಾಯಬೇಕು. ಕಾಲುವೆ ಅಧಿಕಾರಿಗಳಿಗೂ ಅನುಮಾನ ಇತ್ತು. ಇವರು ಊರೂರಿಗೆ ಹೋಗಿ ಮಾತಾಡಿ ಮನವೊಲಿಸಬೇಕಾಯಿತು. ಗೇಟನ್ನು ಕಬ್ಬಿಣದಿಂದ ಮಾಡಿ ಮುಗಿಸಬಹುದು, ಸರದಿಯನ್ನು ಮನುಷ್ಯರ ನಡುವೆ ಮಾಡಬೇಕು. ಆಟೊಮೇಶನ್ ಅಂದಾಗ ನಾವು ಮೊದಲನೆಯದರ ಬಗ್ಗೆ ಮಾತ್ರ ಮಾತಾಡುತ್ತೇವೆ.

ಹೈದರಾಬಾದು, ಮೈಸೂರು, ಕನ್ನಂಬಾಡಿ

1908ರಲ್ಲಿ ಅವರು ಮುಂಬಯಿ ಸರ್ಕಾರದ ಕೆಲಸ ಬಿಟ್ಟರು. ಆ ಕಾಲದಲ್ಲಿ ಭಾರತೀಯನೊಬ್ಬ ಅಲ್ಲಿ ಚೀಫ್ ಇಂಜಿನಿಯರ್ ಆಗುವುದು ಆಗದ ಮಾತು, ಇದು ಅವರಿಗೂ ಗೊತ್ತಿತ್ತು. ವಿದೇಶ ಪ್ರವಾಸದಲ್ಲಿದ್ದಾಗ ಹೈದರಾಬಾದಿನಿಂದ ಕರೆ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನೇ ಕೊಚ್ಚಿಕೊಂಡು ಹೋಗಿತ್ತು, ಸಾವಿರಾರು ಜನ ಸತ್ತಿದ್ದರು. ಇವರು ಸೂಚಿಸಿದ್ದು ಊರಿನ ಮೇಲ್ಗಡೆ ಎರಡು ಜಲಾಶಯ: ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಅಂತ ಇವತ್ತು ನೋಡುವುದು ಅವನ್ನೇ.

1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಚೀಫ್ ಇಂಜಿನಿಯರ್ ಆಗಿ ಬಂದರು. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ಉತ್ಪಾದನೆ ನಡೆದಿತ್ತು, ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟಿಗೆ ಕಷ್ಟ. ಮಂಡ್ಯ ಕಡೆಗೆ ನೀರಾವರಿ ಬೇಕು. ಎರಡಕ್ಕೂ ಸೇರಿ ಕನ್ನಂಬಾಡಿಯ ಯೋಜನೆ. ಖರ್ಚು ಕೇಳಿ ಅರಮನೆಯಲ್ಲೂ ಸರ್ಕಾರದಲ್ಲೂ ಹಲವರು ಹಿಂಜರಿದರು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿದರು. 1911ರಲ್ಲಿ ಕೆಲಸ ಶುರು. ಮದರಾಸು ಸರ್ಕಾರದ ತಕರಾರಿನಿಂದ ಪೂರ್ತಿ ಎತ್ತರಕ್ಕೆ ಅನುಮತಿ ಸಿಗಲಿಲ್ಲ, ಸಿಕ್ಕಿದ್ದು ಕಡಿಮೆ ಎತ್ತರಕ್ಕೆ. ಆದರೂ ತಳಪಾಯವನ್ನು ಮಾತ್ರ ಪೂರ್ತಿ ಎತ್ತರದ ಲೆಕ್ಕಕ್ಕೇ ಹಾಕಿಸಿದರು. ಮುಂದೆ ಒಪ್ಪಿಗೆ ಬಂದಾಗ ತಳ ಕಿತ್ತು ಮತ್ತೆ ಕಟ್ಟುವಂತಾಗಬಾರದಲ್ಲ. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದ ಅಣೆಕಟ್ಟು ಅದು. ಖಡಕ್‌ವಾಸ್ಲಾದಲ್ಲಿ ಮಾಡಿದ ಸ್ವಯಂಚಾಲಿತ ಗೇಟಿನ ವಿಚಾರ ಇಲ್ಲಿಗೂ ಬಂತು. ಅಣೆಕಟ್ಟು ಪೂರ್ತಿಯಾಗಿದ್ದು 1930ರ ದಶಕದ ಮೊದಲಿಗೆ, ಅಷ್ಟು ಹೊತ್ತಿಗೆ ಅವರು ಮೈಸೂರಿನ ಅಧಿಕಾರದಲ್ಲಿ ಇರಲಿಲ್ಲ. ಹಳೇ ಕನ್ನಂಬಾಡಿ ಊರು ನೀರಿನಡಿ ಹೋಯಿತು. ಸುತ್ತಲಿನ ಹಳ್ಳಿಯವರು ಮನೆ, ಗುಡಿ, ಹೊಲ ಬಿಟ್ಟು ಎದ್ದು ಬರಬೇಕಾಯಿತು. ಕೆಆರ್‌ಎಸ್ ಟ್ರಿಪ್ಪಿಗೆ ಹೋಗಿ ಫೋಟೋ ತೆಗೆಸಿಕೊಳ್ಳುವಾಗ ಅವರನ್ನೂ ಒಂದು ಸಲ ನೆನೆಯುವುದು ಒಳ್ಳೆಯದು.

ದಿವಾನರಾಗಿ

1912ರ ನವೆಂಬರಿನಿಂದ 1918ರ ಕೊನೆಯವರೆಗೆ ದಿವಾನರು. ಈ ಆರು ವರ್ಷಗಳ ಪಟ್ಟಿ ಕ್ವಿಜ್ ಪುಸ್ತಕದಲ್ಲಿ ನಿಮಗೆ ಸಿಗುತ್ತೆ, ಬೇಗ ಹೇಳಿ ಮುಗಿಸುತ್ತೇವೆ: 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಆ ಕಾಲೇಜೇ ಇವತ್ತಿನ ಯುವಿಸಿಇ. ಕನ್ನಡದ ಪರಿಷತ್ತೂ ಇಂಜಿನಿಯರಿಂಗ್ ಕಾಲೇಜೂ ಒಂದೇ ದಿವಾನಗಿರಿಯಲ್ಲಿ ಶುರುವಾದವು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಸಂಘ ಯಾಕೆ ಅಂತ ಕೇಳುವವರಿಗೆ ಇಷ್ಟು ಸಾಕು.

ಅವರು ದಿವಾನಗಿರಿ ಬಿಟ್ಟದ್ದು ಯಾಕೆ ಅನ್ನುವುದನ್ನು ಭಾಷಣಗಳಲ್ಲಿ ಸಾಮಾನ್ಯವಾಗಿ ಹಾರಿಸುತ್ತಾರೆ. ಆಗ ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿದ್ದರು, ಉಳಿದ ಸಮುದಾಯಗಳು ತಮ್ಮ ಪಾಲು ಕೇಳುತ್ತಿದ್ದವು. ನಾಲ್ವಡಿಯವರು ಆ ಬೇಡಿಕೆಯ ಪರವಾಗಿದ್ದರು, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ವಿಶ್ವೇಶ್ವರಯ್ಯನವರಿಗೆ ಅರ್ಹತೆಯೊಂದೇ ಅಳತೆಗೋಲು ಆಗಬೇಕು ಅನ್ನುವ ನಂಬಿಕೆ. ಈ ಭಿನ್ನಾಭಿಪ್ರಾಯದ ಹಿನ್ನೆಲೆಯಲ್ಲೇ ಅವರು ಹುದ್ದೆ ಬಿಟ್ಟರು. ಇದರ ಬಗ್ಗೆ ನಮ್ಮ ಸಂಘದೊಳಗೇ ಒಂದು ಸಂಜೆ ಪೂರ್ತಿ ವಾದ ಆಯಿತು. ನಮ್ಮಲ್ಲಿ ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಇದ್ದಾರೆ. ಅವರು ಕೇಳಿದ್ದು ಇಷ್ಟೇ: ಗೇಟು ತೆರೆಯುವ ಮಟ್ಟ ಎಲ್ಲರಿಗೂ ಒಂದೇ ಅನ್ನುವುದು ಸರಿ, ಆದರೆ ಕಾಲುವೆಯೇ ತಲುಪದ ಹೊಲಕ್ಕೆ ಅದರಿಂದ ಏನು ಸಿಕ್ಕಿತು? ನೀರಾ ಕಾಲುವೆಯ ಕೊನೆಯ ಹಳ್ಳಿಗೂ ಪಾಲು ಸಿಗಲಿ ಅಂತ ಸರದಿ ಮಾಡಿದವರಿಗೆ ಕೆಲಸದ ವಿಷಯದಲ್ಲಿ ಅದೇ ಲೆಕ್ಕ ಯಾಕೆ ಕಾಣಲಿಲ್ಲ? ಸರ್ ಎಂವಿ ದೊಡ್ಡವರು. ಈ ಒಂದು ವಿಷಯದಲ್ಲಿ ನಾಲ್ವಡಿಯವರು ಇನ್ನೂ ದೂರ ನೋಡಿದ್ದರು ಅನ್ನುವುದು ನಮ್ಮಲ್ಲಿ ಹೆಚ್ಚಿನವರ ಅಭಿಪ್ರಾಯ. ಉಳಿದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ.

ಆಮೇಲೂ ಸುಮ್ಮನೆ ಕೂತವರಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ 1923ರಿಂದ ಅದರ ಹೊಣೆ ಹೊತ್ತು ದಾರಿಗೆ ತಂದರು. ಯೋಜನೆ ಹಾಕಿಕೊಂಡು ದೇಶ ಕಟ್ಟಬೇಕು ಅನ್ನುವ ಪುಸ್ತಕವನ್ನು 1934ರಲ್ಲೇ ಬರೆದರು. 1955ರಲ್ಲಿ ಭಾರತರತ್ನ.

1961ರ ಜುಲೈ

ಅವರ ವಯಸ್ಸು ನೂರರ ಆಸುಪಾಸು ಬಂದಾಗ ನಡೆದ ಒಂದು ಘಟನೆ ಇದೆ. 1961ರ ಜುಲೈ 12ರಂದು ಪುಣೆಯ ಮೇಲ್ಗಡೆ, ಇನ್ನೂ ಪೂರ್ತಿಯಾಗಿರದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಅಷ್ಟೂ ನೀರು ಒಮ್ಮೆಲೇ ಕೆಳಗಿದ್ದ ಖಡಕ್‌ವಾಸ್ಲಾಗೆ ಬಂದು ಅಪ್ಪಳಿಸಿತು. ಖಡಕ್‌ವಾಸ್ಲಾವೂ ಒಡೆಯಿತು. ಪುಣೆಯ ನದಿಯಂಚಿನ ಬೀದಿಗಳೆಲ್ಲಾ ಮುಳುಗಿದವು. ಕಟ್ಟೆಯೇ ನಿಲ್ಲದಿದ್ದ ಮೇಲೆ ಗೇಟಿನ ಮಾತೆಲ್ಲಿ? ಆ ಗೇಟಿನ ಲೆಕ್ಕ ಹಾಕಿದ್ದು ಅದುವರೆಗೆ ನದಿ ತೋರಿಸಿದ ಗರಿಷ್ಠ ಪ್ರವಾಹಕ್ಕೆ. ಮೇಲೊಂದು ಅಣೆಕಟ್ಟು ಬರುತ್ತೆ, ಅದು ಒಡೆಯುತ್ತೆ ಅನ್ನುವ ಪ್ರಶ್ನೆ 1903ರ ನದಿಯಲ್ಲಿ ಇರಲೇ ಇಲ್ಲ.

ಇದರಲ್ಲಿ ಅವರ ತಪ್ಪು ಹುಡುಕುವುದು ಸರಿಯಲ್ಲ. ಆದರೆ ಯಾವುದೇ ಆಟೊಮೇಶನ್ನಿಗೂ ಅದನ್ನು ಬರೆದ ದಿನದವರೆಗಿನ ಅನುಭವ ಮಾತ್ರ ಗೊತ್ತಿರುತ್ತೆ. ಸುತ್ತಲಿನ ಜಗತ್ತು ಬದಲಾದಾಗ ಅದನ್ನು ಮತ್ತೆ ತೆಗೆದು ಓದುವವರು ಬೇಕು. ವಿಶ್ವೇಶ್ವರಯ್ಯ 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ಧರ್ಮಪುರದಿಂದ ನೋಡಿದಾಗ

ನಮ್ಮಲ್ಲಿ ಇಬ್ಬರು ಹಿರಿಯೂರು ತಾಲ್ಲೂಕಿನ ಧರ್ಮಪುರದವರು. ನೊಳಂಬರ ಕಾಲದ ಹಳೇ ಊರು, ಹೇಮಾವತಿ ಅಲ್ಲಿಗೆ ಹತ್ತಿರ. ಊರಿಗೊಂದು ದೊಡ್ಡ ಕೆರೆ. ಅದೇ ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವೂ ಇದೆ, ನಮ್ಮ ಕಡೆಯವರ ಬಾಯಲ್ಲಿ ಮಾರಿಕಣಿವೆ. ವಿಶ್ವೇಶ್ವರಯ್ಯ ಮೈಸೂರಿಗೆ ಬರುವ ಮೊದಲೇ, 1907ರ ಹೊತ್ತಿಗೆ ಕಟ್ಟಿ ಮುಗಿದದ್ದು. 130 ಅಡಿ ನೀರು, 30 ಟಿಎಂಸಿ. ಹೆಚ್ಚಾದ ನೀರು ಕೋಡಿ ಹರಿಯಬೇಕು, ಅಷ್ಟೇ. ಅದು 1933ರಲ್ಲಿ ಒಂದು ಸಲ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷ ಆದ ಮೇಲೆ. ಆವತ್ತು ಹಿರಿಯೂರು ಕಡೆಯ ಜನ ಬೈಕು, ಟ್ರ್ಯಾಕ್ಟರು, ಸಿಕ್ಕ ಗಾಡಿ ಹತ್ತಿಕೊಂಡು ನೋಡಲು ಹೋದರು. ಅಜ್ಜಂದಿರು ಕೇಳಿದ್ದ ಕಥೆಯನ್ನು ಮೊಮ್ಮಕ್ಕಳು ಕಣ್ಣಾರೆ ನೋಡಿದರು.

ಧರ್ಮಪುರದ ಕೆರೆಗೆ ನೀರು ತನ್ನಿ ಅನ್ನುವ ಬೇಡಿಕೆ ನಮ್ಮ ತಾತಂದಿರ ಕಾಲದ್ದು. ಸಭೆ, ಮೆರವಣಿಗೆ, ಅರ್ಜಿ, ಎಲ್ಲಾ ಆಗಿವೆ. ಗೇಟಿನ ಬಗ್ಗೆ ಇಷ್ಟೆಲ್ಲಾ ಓದಿ ಅವರಿಬ್ಬರು ಹೇಳಿದ ಮಾತು ನಮ್ಮೆಲ್ಲರ ತಲೆಯಲ್ಲಿ ಉಳಿಯಿತು: ತಾನೇ ತೆರೆಯುವ ಗೇಟು ನೀರು ಬಂದ ಮೇಲಿನ ಪ್ರಶ್ನೆಗೆ ಉತ್ತರ, ನೀರನ್ನು ಎಲ್ಲಿಗೆ ತರಬೇಕು ಅನ್ನುವುದನ್ನು ಯಾವ ಗೇಟೂ ತೀರ್ಮಾನಿಸುವುದಿಲ್ಲ. ಅದಕ್ಕೆ ನೀರಾ ಕಾಲುವೆಯಲ್ಲಿ ಮಾಡಿದ ಹಾಗೆ ಜನರ ನಡುವೆ ಕೂತು ಸರದಿ ಬರೆಯಬೇಕು. ನಮ್ಮಲ್ಲಿ ಯಾರಾದರೂ ಸಿವಿಲ್‌ನವರು ಮುಂದೆ ಆ ಕೆಲಸದಲ್ಲಿ ಇದ್ದರೆ, ಈ ಲೇಖನ ಬರೆದದ್ದು ಸಾರ್ಥಕ.

ನಮ್ಮ ಮಟ್ಟಿಗೆ, ಹೊಸ ಸ್ಕ್ರಿಪ್ಟು ಬರೆದಿದ್ದೇವೆ. ಪ್ರತಿ ವರ್ಷಕ್ಕೆ ಬೇರೆ ಫೋಲ್ಡರು. ಗೊತ್ತಿರುವ ಎರಡು ಪ್ರಶ್ನೆಗಳಿಗೆ ಮಾತ್ರ ಅದು ಉತ್ತರ ಕೊಡುತ್ತೆ. ಟೈಮ್‌ಔಟ್ ಆದರೆ ಮುಂದಕ್ಕೆ ಹೋಗದೆ ನಿಲ್ಲುತ್ತೆ. ಮೇಲೆ ಬರೆಯಲೇ ಅನ್ನುವ ಪ್ರಶ್ನೆ ಬಂದರೆ ನಮ್ಮನ್ನು ಕರೆಯುತ್ತೆ, ಆಗ ಚಹಾ ಬಿಟ್ಟು ಬಂದು ಓದಿ ಉತ್ತರ ಒತ್ತುತ್ತೇವೆ. ಹಳೇ ಸಂಪಾದಕೀಯ, ಕವನಗಳು ನಿಮ್ಮ ಹತ್ತಿರ ಯಾರದಾದರೂ ಪೆನ್‌ಡ್ರೈವಿನಲ್ಲಿ ಉಳಿದಿದ್ದರೆ ದಯವಿಟ್ಟು ಕಳಿಸಿಕೊಡಿ. ಈ ಸಲ ಕಳೆಯುವುದಿಲ್ಲ.